ಬೇಬಿ ಪೆಗ್ಗಿಯನ್ನು ಕೀಲಿ ಕೊಟ್ಟ ಗೊಂಬೆ ಮಾಡಬೇಡಿ

ಭಾನುವಾರ ಮಕ್ಕಳಿಗೆ ಹಾಲಿವುಡ್ಡಿನ ಬಾಲನಟಿ ಬೇಬಿ ಪೆಗ್ಗಿಯ ಮೂಕಿ ಚಿತ್ರ ‘ಕ್ಯಾಪ್ಟನ್ ಜನವರಿ’ ತೋರಿಸುತ್ತೇನೆಂದು ನೀವು ಹಾಕಿದ ತುಣುಕು ನೋಡಿದೆ. ಹುಡುಗಿ ನಡೆಯುತ್ತಿಲ್ಲ, ಪುಟಿಯುತ್ತಿದ್ದಾಳೆ. ಜೊತೆಗೆ ‘ಕೀಲಿ ಕೊಟ್ಟ ಗೊಂಬೆಯಂಥ ನಟನೆ’ ಎಂಬ ಷರಾ ಬೇರೆ. ದಯವಿಟ್ಟು ಹಾಗೆ ತೋರಿಸಬೇಡಿ. ನಟನೆಯಲ್ಲಿ ದೋಷವಿಲ್ಲ, ನಿಧಾನ ವೇಗಕ್ಕೆ ತೆಗೆದ ಮೂಕಿಯನ್ನು ಸೆಕೆಂಡಿಗೆ 24 ಫ್ರೇಮಿಗೆ ಓಡಿಸಿದ ನಿಮ್ಮ ಪ್ರತಿಯಲ್ಲಿದೆ.

ಇದೇ ತಪ್ಪನ್ನು ನಾನು ನಮ್ಮ ಬಡಾವಣೆಯ ಸಭಾಂಗಣದಲ್ಲಿ ಪೆಗ್ಗಿಯದೇ ಇನ್ನೊಂದು ಚಿತ್ರ ‘ಹೆಲೆನ್ಸ್ ಬೇಬೀಸ್’ ಹಾಕಿ ಮಾಡಿದ್ದೆ. ಮಕ್ಕಳು ನಕ್ಕರು, ಆದರೆ ನಗಬಾರದ ಕಡೆಯಲ್ಲಿ. ಮುಂದಿನ ಸಾಲಿನ ಅಜ್ಜಿಯೊಬ್ಬರು ‘ಆ ಮಗುವನ್ನು ಯಾಕೆ ಹೀಗೆ ಓಡಿಸುತ್ತಾರೆ?’ ಎಂದು ಎದ್ದು ಹೋದರು. ರಾತ್ರಿ ಮನೆಯಲ್ಲಿ ವೇಗ ತಗ್ಗಿಸಿ ನೋಡಿದಾಗ ಎದೆ ಧಸಕ್ಕೆಂದಿತು. ಆ ಪುಟ್ಟ ಮುಖದಲ್ಲಿ ಹುಬ್ಬು ಏರುವ ಮುನ್ನ ಅರೆಗಳಿಗೆಯ ಯೋಚನೆ ಇತ್ತು. ಅಷ್ಟನ್ನೂ ನಾನೇ ನುಂಗಿಹಾಕಿದ್ದೆ.

ನನಗೆ ಫಲ ಕೊಟ್ಟ ಕ್ರಮ ಇದು. ಕಂಪ್ಯೂಟರಿನಲ್ಲಿ ವಿಡಿಯೋ ಓಡಿಸುವ ವಿಎಲ್‌ಸಿ ತಂತ್ರಾಂಶದಲ್ಲಿ ವೇಗವನ್ನು 0.75ಕ್ಕೆ ಇಳಿಸಿ; 24ರ ಪ್ರತಿ 18ಕ್ಕೆ ಬರುತ್ತದೆ. ಆಮೇಲೆ ಮಗುವನ್ನು ನೋಡಬೇಡಿ, ಹಿಂದೆ ನಡೆಯುವ ದೊಡ್ಡವರ ಹೆಜ್ಜೆ, ಸುರಿಯುವ ನೀರು, ಬೀಳುವ ಬಟ್ಟೆ ನೋಡಿ. ನೀರು ಜೇನಿನಂತೆ ಇಳಿದರೆ 0.83ಕ್ಕೆ ಏರಿಸಿ. ಆ ಕಾಲದಲ್ಲಿ ಕೈಯಿಂದ ತಿರುಗಿಸುವ ಕ್ಯಾಮೆರಾಗಳೇ ಹೆಚ್ಚು, ಆದ್ದರಿಂದ ಒಂದೇ ಚಿತ್ರದಲ್ಲೂ ವೇಗ ಬದಲಾಗುತ್ತದೆ. ಹೊಡೆದಾಟ, ಓಟದ ಹಾಸ್ಯವನ್ನು ತೆರೆಯ ಮೇಲೆ ವೇಗವಾಗಿ ಕಾಣಲೆಂದು ಬೇಕೆಂದೇ ಕ್ಯಾಮೆರಾ ನಿಧಾನವಾಗಿ ತಿರುಗಿಸಿ ತೆಗೆಯುತ್ತಿದ್ದರು. ಅದನ್ನು ‘ಸರಿಪಡಿಸಲು’ ಹೋಗಬೇಡಿ. ಪುನರುಜ್ಜೀವಗೊಳಿಸಿದ ಪ್ರತಿಗಳಲ್ಲಿ ವೇಗ ಮೊದಲೇ ಸರಿಯಾಗಿರಬಹುದು, ಮತ್ತೆ ತಗ್ಗಿಸಿದರೆ ಎಲ್ಲರೂ ನಿದ್ದೆಯಲ್ಲಿ ನಡೆದಂತೆ ಕಾಣುತ್ತಾರೆ. ಟಿವಿಯೊಳಗಿನ ಪ್ಲೇಯರನ್ನು ನಾನು ನಂಬುವುದಿಲ್ಲ, ಲ್ಯಾಪ್‌ಟಾಪ್ ಜೋಡಿಸಿ. ವೇಗ ತಗ್ಗಿಸಿದ ಮೇಲೆ ಪ್ರತಿಯಲ್ಲಿರುವ ಸಂಗೀತ ಎಳೆದಾಡುತ್ತದೆ. ಅದನ್ನು ನಿಲ್ಲಿಸಿ, ಹಾರ್ಮೋನಿಯಂ ಬಲ್ಲವರಿದ್ದರೆ ಕೂರಿಸಿ.

ಇನ್ನು ಪೋಸ್ಟರ್. ಅದರಲ್ಲಿ ನೀವು ಹಾಕಿದ ಗುಂಗುರು ಕೂದಲಿನ ಹುಡುಗಿ ಶರ್ಲಿ ಟೆಂಪಲ್, 1936ರ ಮರುಚಿತ್ರದವಳು. ನಿಮ್ಮದು 1924ರದು, ಪೆಗ್ಗಿಯ ಕೂದಲು ಕಪ್ಪು, ಹಣೆಯ ಮೇಲೆ ನೇರವಾಗಿ ಕತ್ತರಿಸಿದ್ದು. ಈ ಇಬ್ಬರನ್ನು ಬೆರೆಸಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಪೆಗ್ಗಿಯನ್ನು ಮರೆತದ್ದೇ ಸಾಕು. ಹತ್ತೊಂಬತ್ತು ತಿಂಗಳ ಮಗುವಾಗಿದ್ದಾಗ ಸೆಂಚುರಿ ಸ್ಟುಡಿಯೋದವರ ಕಣ್ಣಿಗೆ ಬಿದ್ದಳು. 1921ರಿಂದ ಕೆಲವೇ ವರ್ಷಗಳಲ್ಲಿ ಸುಮಾರು 150 ಕಿರುಚಿತ್ರಗಳು. 1926ರಲ್ಲಿ ಆ ಸ್ಟುಡಿಯೋ ಸುಟ್ಟುಹೋಯಿತು, ಉಳಿದಿರುವುದು ಬಹಳ ಕಡಿಮೆ. ಉಳಿದದ್ದನ್ನು ನಾವು ತಪ್ಪು ವೇಗದಲ್ಲಿ ಓಡಿಸುವುದು ಬೇಡ.

ಪೀಠಿಕೆಯಲ್ಲಿ ‘ಆಡುತ್ತಾ ಆಡುತ್ತಾ ಲಕ್ಷಾಧೀಶೆಯಾದಳು’ ಎಂದು ಬರೆದಿದ್ದೀರಿ, ಅದನ್ನೂ ಹೊಡೆದುಹಾಕಿ. ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ ಅವಳು ದುಡಿದಳು. ಕೌಬಾಯ್ ಆಗಿದ್ದ ತಂದೆ ಜಾಕ್ ಮಾಂಟ್ಗೊಮರಿ ಹೇಳಿದ ಕೂಡಲೇ ಅಳಬೇಕಿತ್ತು, ನಗಬೇಕಿತ್ತು. 1925ರಲ್ಲಿ ಆತ ನಿರ್ಮಾಪಕ ಸಾಲ್ ಲೆಸ್ಸರ್ ಜೊತೆ ಸಂಬಳಕ್ಕಾಗಿ ಜಗಳವಾಡಿ ಒಪ್ಪಂದ ಮುರಿದುಕೊಂಡ. ಆರು ವರ್ಷದವಳಿಗೆ ಹಾಲಿವುಡ್ಡಿನ ಬಾಗಿಲು ಮುಚ್ಚಿತು. ಹಾಡು, ಕುಣಿತ, ಹಾಸ್ಯದ ವಾಡೆವಿಲ್ ರಂಗದಲ್ಲಿ ಊರೂರು ಸುತ್ತಿದಳು. ಗಳಿಸಿದ ಹಣ ಅವಳ ಕೈಗೆ ಉಳಿಯಲಿಲ್ಲ. ಬಾಲನಟರ ಗಳಿಕೆಯ ಒಂದು ಪಾಲನ್ನಾದರೂ ಕಾಯುವ ಕ್ಯಾಲಿಫೋರ್ನಿಯಾದ ಕೂಗನ್ ಕಾಯ್ದೆ ಬಂದದ್ದು 1939ರಲ್ಲಿ. ಮುಂದೆ ಪೆಗ್ಗಿ ಡಯಾನಾ ಸೆರಾ ಕ್ಯಾರಿ ಎಂಬ ಹೆಸರಿನಲ್ಲಿ ಸಿನಿಮಾ ಇತಿಹಾಸ ಬರೆದು, ಬಾಲನಟರ ಪರ ದನಿಯೆತ್ತಿ, 2020ರಲ್ಲಿ 101ನೇ ವಯಸ್ಸಿನಲ್ಲಿ ತೀರಿಕೊಂಡರು. ಪೀಠಿಕೆಗೆ ಇಷ್ಟು ಸಾಕು.

ದೃಶ್ಯಗಳ ನಡುವೆ ಮಾತನ್ನು ಬರೆದು ತೋರಿಸುವ ಶೀರ್ಷಿಕೆ ಫಲಕಗಳನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಲು ಒಬ್ಬರು ಪರದೆಯ ಪಕ್ಕ ನಿಲ್ಲಲಿ, ಮೈಕ್ ಬೇಡ. ಶನಿವಾರವೇ ಆ ಹಾಲ್‌ನಲ್ಲಿ, ಅದೇ ಪ್ರೊಜೆಕ್ಟರಿನಲ್ಲಿ, ಮೊದಲ ಹತ್ತು ನಿಮಿಷ ಓಡಿಸಿ ನೋಡಿ ವೇಗ ಬರೆದಿಟ್ಟುಕೊಳ್ಳಿ.