ಶಾರ್ಲಟ್‌ನಲ್ಲಿ ವರ್ಜೀನಿಯಾ ಸೋತ ರಾತ್ರಿ ಗ್ಯಾಲರಿಯಲ್ಲಿ ಕಂಡದ್ದು

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಿಯ ಪಂದ್ಯವನ್ನು ಕ್ರೀಡಾಂಗಣದಲ್ಲೇ ಕುಳಿತು ನೋಡಿದವರು ಯಾರಾದರೂ ಇದ್ದೀರಾ, ಟಿ.ವಿ.ಯಲ್ಲಿ ಸಿಗದಂಥದ್ದು ಅಲ್ಲಿ ಏನಿದೆ, ದುಡ್ಡು ಖರ್ಚು ಮಾಡಿ ಹೋಗುವುದು ಸಾರ್ಥಕವೇ ಎಂದು ನೀವು ಕೇಳಿದ್ದೀರಿ. 2018ರ ಮಾರ್ಚ್ 16ರ ಶುಕ್ರವಾರ ರಾತ್ರಿ ನಾನು ನಾರ್ತ್ ಕ್ಯಾರೊಲಿನಾದ ಶಾರ್ಲಟ್ ನಗರದ ಸ್ಪೆಕ್ಟ್ರಮ್ ಸೆಂಟರ್‌ನಲ್ಲಿದ್ದೆ. ಅಂದು ಯುಎಂಬಿಸಿ ಎಂದು ಕರೆಯಲಾಗುವ ಮೇರಿಲ್ಯಾಂಡ್‌ನ ಬಾಲ್ಟಿಮೋರ್ ಕೌಂಟಿಯ ವಿಶ್ವವಿದ್ಯಾಲಯದ ತಂಡ, ಇಡೀ ಟೂರ್ನಿಗೇ ಅಗ್ರಶ್ರೇಯಾಂಕ ಪಡೆದಿದ್ದ ವರ್ಜೀನಿಯಾವನ್ನು 74-54ರಿಂದ ಸೋಲಿಸಿತು. ಅಂಕಣದಲ್ಲಿ ನಡೆದದ್ದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ವಿಡಿಯೊ ಕೂಡ ಸಿಗುತ್ತದೆ. ನನ್ನ ನೆನಪಿನಲ್ಲಿ ಹೆಚ್ಚು ಗಟ್ಟಿಯಾಗಿ ಉಳಿದಿರುವುದು ಗ್ಯಾಲರಿ. ಎರಡೂ ತಂಡಗಳಿಗೆ ಸೇರದ ಸಾವಿರಾರು ಜನ ಅಲ್ಲಿದ್ದರು. ಅವರು ಯಾವ ಹೊತ್ತಿನಲ್ಲಿ, ಯಾವ ಕಾರಣಕ್ಕೆ ಯಾರ ಕಡೆ ವಾಲಿದರು ಎಂಬುದು ಟಿ.ವಿ. ಮುಂದೆ ಕುಳಿತವರಿಗೆ ತಿಳಿಯುವುದಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅದೇ.

ಅಷ್ಟೊಂದು ತಟಸ್ಥರು ಒಂದೆಡೆ ಸೇರುವುದು ಟೂರ್ನಿಯ ಏರ್ಪಾಟಿನಿಂದಾಗಿ. ಪುರುಷರ ಟೂರ್ನಿಯಲ್ಲಿ 68 ತಂಡಗಳಿರುತ್ತವೆ; ಆರಂಭಿಕ ಪಂದ್ಯಗಳಲ್ಲಿ ನಾಲ್ಕು ಹೊರಬಿದ್ದು 64 ಉಳಿಯುತ್ತವೆ. ಅವುಗಳನ್ನು ನಾಲ್ಕು ವಲಯಗಳಿಗೆ ಹಂಚಿ, ಪ್ರತಿ ವಲಯದಲ್ಲೂ 1ರಿಂದ 16ರವರೆಗೆ ಶ್ರೇಯಾಂಕ ಕೊಡುತ್ತಾರೆ. ಒಂದನೆಯದು ಹದಿನಾರನೆಯದರ ಎದುರು, ಎರಡನೆಯದು ಹದಿನೈದನೆಯದರ ಎದುರು ಆಡುತ್ತದೆ, ಒಂದು ಸಲ ಸೋತರೆ ಊರಿಗೆ ವಾಪಸ್. ಮೊದಲ ಎರಡು ಸುತ್ತುಗಳಿಗೆ ಒಂದೊಂದು ಊರಿಗೆ ಎಂಟೆಂಟು ತಂಡಗಳನ್ನು ಕಳುಹಿಸುತ್ತಾರೆ. ಮೊದಲ ದಿನ ಅಲ್ಲಿ ನಾಲ್ಕು ಪಂದ್ಯಗಳು: ಮಧ್ಯಾಹ್ನ ಎರಡು, ಆಮೇಲೆ ಇಡೀ ಕ್ರೀಡಾಂಗಣವನ್ನು ಖಾಲಿ ಮಾಡಿಸಿ ಸಂಜೆ ಮತ್ತೆರಡು. ಟಿಕೆಟ್ ಮಾರುವುದು ಸೆಷನ್ ಲೆಕ್ಕದಲ್ಲಿ, ಪಂದ್ಯದ ಲೆಕ್ಕದಲ್ಲಲ್ಲ. ಹೀಗಾಗಿ ನಿಮ್ಮ ಕಾಲೇಜಿನ ಆಟ ನೋಡಲು ಹೋದ ನಿಮಗೆ ಬೇರೆ ಯಾರೋ ಇಬ್ಬರ ಆಟವೂ ಗಂಟು ಬೀಳುತ್ತದೆ. ಎದ್ದು ಹೋಗುವವರೂ ಇದ್ದಾರೆ; ಆದರೆ ದುಡ್ಡು ಕೊಟ್ಟ ಮೇಲೆ ಹೆಚ್ಚಿನವರು ಕುಳಿತೇ ಇರುತ್ತಾರೆ. ಹಾಗೆ ಕುಳಿತವರೇ ಈ ಟೂರ್ನಿಗೆ ಅದರ ರುಚಿಯನ್ನು ಕೊಡುವವರು.

ನಾನು ಆಗ ಶಾರ್ಲಟ್‌ನ ಯೂನಿವರ್ಸಿಟಿ ಸಿಟಿ ಭಾಗದಲ್ಲಿ ವಾಸವಾಗಿದ್ದೆ. ಬ್ಯಾಂಕುಗಳ ಆ ಊರಿನಲ್ಲಿ ಹೆಚ್ಚಿನ ಕನ್ನಡಿಗರು ಮಾಡುವ ಕೆಲಸವನ್ನೇ, ಅಂದರೆ ಬ್ಯಾಂಕಿನ ಸಾಫ್ಟ್‌ವೇರ್ ಕೆಲಸವನ್ನೇ ನಾನೂ ಮಾಡುತ್ತಿದ್ದೆ. ಬಾಸ್ಕೆಟ್‌ಬಾಲ್ ಹುಚ್ಚು ಚಿಕ್ಕಂದಿನಿಂದಲೇ ಅಂಟಿಕೊಂಡಿತ್ತು; ಮಲ್ಲೇಶ್ವರದಲ್ಲಿ ಬೀಗಲ್ಸ್ ಕ್ಲಬ್ಬಿನ ಆಟ ನೋಡುತ್ತ ಬೆಳೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಆದರೂ ಕಾಲೇಜು ಹುಡುಗರ ಆಟಕ್ಕೆ ಅಷ್ಟು ದುಡ್ಡು ಸುರಿಯುವ ಅಂದಾಜು ನನಗಿರಲಿಲ್ಲ. ದಾವಣಗೆರೆಯ ಸಹೋದ್ಯೋಗಿಯೊಬ್ಬರು ಯುಎಂಬಿಸಿಯಲ್ಲಿ ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂ.ಎಸ್. ಮಾಡಿದ್ದರು. ಪಂದ್ಯದ ಹಿಂದಿನ ಭಾನುವಾರ ಟೂರ್ನಿಯ ಪಟ್ಟಿ ಪ್ರಕಟವಾಗಿ, ತಮ್ಮ ಕಾಲೇಜು ತಾವಿರುವ ಊರಿಗೇ ಬರುತ್ತಿದೆ ಎಂದು ತಿಳಿದ ಮರುದಿನ ಅವರು ನನ್ನ ಮೇಜಿನ ಬಳಿ ಬಂದು, "ಬರ್ರಿ ಸಾರ್, ನಮ್ಮೋರು ಸೋಲೋದ್ನಾದ್ರೂ ಜತೀಗೆ ಕುಂತು ನೋಡಿ ಬರೋಣು" ಎಂದರು. ಸೋಲುತ್ತಾರೆ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ: 1985ರಲ್ಲಿ 64 ತಂಡಗಳ ಪದ್ಧತಿ ಬಂದಂದಿನಿಂದ ಅಂದಿನ ಸಂಜೆಯವರೆಗೆ ಪುರುಷರ ಟೂರ್ನಿಯಲ್ಲಿ 16ನೇ ಶ್ರೇಯಾಂಕದವರು ಒಂದನೇ ಶ್ರೇಯಾಂಕದವರ ಎದುರು ಆಡಿದ್ದು 135 ಸಲ, ಸೋತದ್ದೂ 135 ಸಲ. ಅಲ್ಲಿಯವರೆಗೆ ಯುಎಂಬಿಸಿಯ ಹೆಸರು ಕ್ರೀಡೆಯ ಸುದ್ದಿಗೆ ಬರುತ್ತಿದ್ದದ್ದು ಹೆಚ್ಚಾಗಿ ಅದರ ಚೆಸ್ ತಂಡದಿಂದ.

ಅಂದೇ ಶಾರ್ಲಟ್‌ನ ಲಘು ರೈಲಿನ ನೀಲಿ ಮಾರ್ಗವನ್ನು ನಮ್ಮ ಕಡೆಗೆ ವಿಸ್ತರಿಸಿದ ಭಾಗ ಉದ್ಘಾಟನೆಯಾಗಿತ್ತು. ಹೊಸ ರೈಲು ನೋಡಲು ಬಂದ ಮಕ್ಕಳು ಮರಿಗಳ ನಡುವೆ, ಕಿತ್ತಳೆ ಬಣ್ಣದ ವರ್ಜೀನಿಯಾ ಅಂಗಿಗಳ ನಡುವೆ ನಿಂತುಕೊಂಡು ನಾವು ಕ್ರೀಡಾಂಗಣದ ಬಾಗಿಲಲ್ಲಿ ಇಳಿದೆವು. ವರ್ಜೀನಿಯಾ ವಿಶ್ವವಿದ್ಯಾಲಯವಿರುವ ಶಾರ್ಲಟ್ಸ್‌ವಿಲ್ ಕಾರಿನಲ್ಲಿ ನಾಲ್ಕೈದು ಗಂಟೆಯ ದಾರಿಯಾದ್ದರಿಂದ ಅವರ ಜನ ದೊಡ್ಡ ಸಂಖ್ಯೆಯಲ್ಲಿ ಬಂದಿದ್ದರು. ಯುಎಂಬಿಸಿಯ ಕಪ್ಪು-ಹಳದಿ ಒಂದು ಮೂಲೆಯಲ್ಲಿ ಮಾತ್ರ ಇತ್ತು.

ಸಂಜೆಯ ಮೊದಲ ಪಂದ್ಯ ಕ್ಯಾನ್ಸಸ್ ಸ್ಟೇಟ್ ಮತ್ತು ಕ್ರೈಟನ್ ನಡುವೆ ನಡೆದು, ಕ್ಯಾನ್ಸಸ್ ಸ್ಟೇಟ್ 69-59ರಿಂದ ಗೆದ್ದಿತು. ಆಟದ ಬಗ್ಗೆ ಹೇಳುವಂಥದ್ದೇನಿಲ್ಲ. ಬ್ಯಾಂಡುಗಳ ಬಗ್ಗೆ ಇದೆ. ಪ್ರತಿ ಕಾಲೇಜೂ ತನ್ನ ವಿದ್ಯಾರ್ಥಿಗಳ ವಾದ್ಯಮೇಳವನ್ನು ಕರೆತಂದು ಅಂಕಣದ ಒಂದೊಂದು ತುದಿಯಲ್ಲಿ ಕೂರಿಸುತ್ತದೆ. ಮೇಳದಲ್ಲಿ 29 ಜನರಿಗಿಂತ ಹೆಚ್ಚು ಇರಬಾರದೆಂಬ ನಿಯಮವಿದೆ. ಟಿ.ವಿ.ಯವರ ಜಾಹೀರಾತಿಗಾಗಿ ಆಟ ಆಗಾಗ ನಿಲ್ಲುತ್ತದೆ. ಮನೆಯಲ್ಲಿ ಆ ಹೊತ್ತಿಗೆ ನಾವು ಕಾರು, ಇನ್ಶೂರೆನ್ಸ್ ಜಾಹೀರಾತು ನೋಡುತ್ತ ಬೈದುಕೊಳ್ಳುತ್ತೇವೆ. ಕ್ರೀಡಾಂಗಣದಲ್ಲಿ ಅದು ಬ್ಯಾಂಡಿನ ಹೊತ್ತು. ಒಂದು ವಿರಾಮ ಇವರಿಗೆ, ಮುಂದಿನದು ಅವರಿಗೆ. ಟ್ರಂಬೋನ್ ಹಿಡಿದ ಹುಡುಗನೊಬ್ಬ ಎದುರಾಳಿ ಆಟಗಾರ ಫ್ರೀ ಥ್ರೋ ಎಸೆಯುವಾಗಲೆಲ್ಲ ವಾದ್ಯವನ್ನು ಕೆಳಗಿಟ್ಟು, ಎರಡೂ ಕೈಯಿಂದ ಗಾಳಿಯಲ್ಲಿ ಮಾಟ ಮಾಡುತ್ತಿದ್ದ. ಚೆಂಡು ಒಳಗೆ ಬಿದ್ದರೆ ಪಕ್ಕದ ಹುಡುಗಿಯ ಟೋಪಿಯನ್ನು ದೂಷಿಸಿ ತಿರುಗಿಸಿ ಹಾಕುತ್ತಿದ್ದ. ಕ್ಯಾಮೆರಾ ಅವನ ಕಡೆ ತಿರುಗಿದ್ದನ್ನು ನಾನು ಕಾಣಲಿಲ್ಲ.

ಎರಡನೇ ಪಂದ್ಯ ಆರಂಭವಾದಾಗ ರಾತ್ರಿ ಒಂಬತ್ತು ದಾಟಿತ್ತು. ವರ್ಜೀನಿಯಾ ಆ ಋತುವಿನಲ್ಲಿ 31 ಪಂದ್ಯ ಗೆದ್ದು ಎರಡರಲ್ಲಿ ಮಾತ್ರ ಸೋತಿತ್ತು. ಕೋಚ್ ಟೋನಿ ಬೆನೆಟ್ ಕಲಿಸಿದ ರಕ್ಷಣಾ ಪದ್ಧತಿಯಲ್ಲಿ ಚೆಂಡು ಹಿಡಿದವನನ್ನು ಒಬ್ಬ ಅಡ್ಡಗಟ್ಟಿದರೆ ಉಳಿದ ನಾಲ್ವರು ಬುಟ್ಟಿಯ ಕಡೆಗೆ ಒತ್ತಾಗಿ ನಿಂತು ಒಳದಾರಿಯನ್ನು ಮುಚ್ಚಿಬಿಡುತ್ತಾರೆ. ಆಡುವ ವೇಗವೂ ನಿಧಾನ. ಹಾಗಾಗಿ ಎದುರಾಳಿಗಳಿಗೆ ಪಂದ್ಯವೊಂದಕ್ಕೆ ಸರಾಸರಿ 53-54 ಅಂಕಗಳಷ್ಟೇ ಸಿಗುತ್ತಿದ್ದವು. ಅವರ ಮುಖ್ಯ ಆಟಗಾರರಲ್ಲಿ ಒಬ್ಬರಾದ ಡಿಆಂಡ್ರೆ ಹಂಟರ್ ಮಣಿಕಟ್ಟಿನ ಮೂಳೆ ಮುರಿದುಕೊಂಡು ಹೊರಗುಳಿದಿದ್ದರು, ನಿಜ. ಆದರೂ ಯಾರಿಗೂ ಅದು ಈ ಪಂದ್ಯಕ್ಕೆ ಸಂಬಂಧಿಸಿದ ವಿಷಯ ಎನಿಸಿರಲಿಲ್ಲ. ಮೊದಲ ಅವಧಿ ಮುಗಿದಾಗ 21-21. ಜನ ಫಲಕವನ್ನು ನೋಡಿ ನಕ್ಕು, ತಿಂಡಿ ತರಲು ಎದ್ದರು. ಇಂಥ ಪಂದ್ಯಗಳಲ್ಲಿ ಅರ್ಧದಾರಿಯವರೆಗೆ ಚಿಕ್ಕ ತಂಡ ಜೊತೆಯಲ್ಲೇ ಓಡುವುದು, ಆಮೇಲೆ ಉಸಿರು ಬಿಡುವುದು ಹೊಸದೇನಲ್ಲ.

ಎರಡನೇ ಅವಧಿಯ ಮೊದಲ ಕೆಲವು ನಿಮಿಷಗಳಲ್ಲೇ ಯುಎಂಬಿಸಿಯ ಜೈರಸ್ ಲೈಲ್ಸ್ ಒಳಗೆ ನುಗ್ಗಿ ಹಾಕಿದರು, ದೂರದಿಂದಲೂ ಹಾಕಿದರು. ಅಂತರ ಹತ್ತನ್ನು ದಾಟಿತು. ಗ್ಯಾಲರಿ ಬದಲಾದದ್ದು ಆಗ. ಮೈಸೂರು ದಸರಾ ಕುಸ್ತಿಯಲ್ಲಿ ಹೆಸರಿಲ್ಲದ ಹುಡುಗನೊಬ್ಬ ನಾಮಾಂಕಿತ ಪೈಲ್ವಾನನ ಪಟ್ಟಿನಿಂದ ಎರಡು ಸಲ ಜಾರಿಕೊಂಡರೆ ಅಖಾಡದ ಸುತ್ತಲಿನ ಜನ ಹೇಗೆ ಒಮ್ಮೆಗೇ ಆ ಹುಡುಗನ ಪಾಲಾಗುತ್ತಾರೋ ಹಾಗೆ. ಆದರೆ ಇದನ್ನು ಬಡಪಾಯಿಯ ಮೇಲಿನ ಕನಿಕರ ಎಂದು ಬಿಡಿಸಿ ಹೇಳಿಬಿಟ್ಟರೆ ಅರ್ಧ ಸತ್ಯವಾಗುತ್ತದೆ. ನಮ್ಮ ಹಿಂದಿನ ಸಾಲಿನಲ್ಲಿ ನೇರಳೆ ಅಂಗಿ ತೊಟ್ಟ ಕ್ಯಾನ್ಸಸ್ ಸ್ಟೇಟ್‌ನ ಹಿರಿಯರೊಬ್ಬರು ಕುಳಿತಿದ್ದರು. ಇಲ್ಲಿ ಗೆದ್ದವರನ್ನು ಭಾನುವಾರ ಅವರ ತಂಡ ಎದುರಿಸಬೇಕಿತ್ತು. ವರ್ಜೀನಿಯಾ ಬೇಡ, ಈ ಚಿಕ್ಕವರೇ ಬರಲಿ ಎಂಬ ಶುದ್ಧ ವ್ಯಾಪಾರಬುದ್ಧಿಯಿಂದ ಅವರು ಕೂಗುತ್ತಿದ್ದರು, ಅದನ್ನು ಮುಚ್ಚಿಡಲೂ ಇಲ್ಲ. ಎಡಗಡೆ ತಿಳಿನೀಲಿ ಬಣ್ಣದ ನಾರ್ತ್ ಕ್ಯಾರೊಲಿನಾ ಅಂಗಿಯವರು. ಅವರ ತಂಡ ಮಧ್ಯಾಹ್ನವೇ ಲಿಪ್ಸ್‌ಕಂಬ್ ವಿರುದ್ಧ ಗೆದ್ದಾಗಿತ್ತು. ಎಲ್ಲ ಸೆಷನ್‌ಗಳಿಗೂ ಟಿಕೆಟ್ ಇದ್ದದ್ದರಿಂದ ಮತ್ತೆ ಬಂದಿದ್ದರು. ಒಂದು ವಾರದ ಹಿಂದಷ್ಟೇ ಬ್ರೂಕ್ಲಿನ್‌ನಲ್ಲಿ ನಡೆದ ಎಸಿಸಿ (ಎರಡೂ ತಂಡಗಳು ಸೇರಿರುವ ಕಾಲೇಜುಗಳ ಲೀಗ್) ಫೈನಲ್‌ನಲ್ಲಿ ಇದೇ ವರ್ಜೀನಿಯಾ ಅವರನ್ನು 71-63ರಿಂದ ಸೋಲಿಸಿತ್ತು. ಅವರ ಕೂಗಿನಲ್ಲಿ ಹಳೆಯ ಲೆಕ್ಕ ಚುಕ್ತಾ ಆಗುತ್ತಿತ್ತು. ಸೋತು ಕುಳಿತಿದ್ದ ಕ್ರೈಟನ್‌ನವರಿಗೆ ಇನ್ನೊಬ್ಬ ದೊಡ್ಡವನೂ ಬೀಳಲಿ ಎಂಬ ಸಮಾಧಾನ. ನನ್ನಂಥ ಯಾರ ಕಡೆಗೂ ಸೇರದವರಿಗೆ, ಇದುವರೆಗೆ ಆಗದೇ ಇದ್ದದ್ದು ನಮ್ಮ ಕಣ್ಣೆದುರಿಗೇ ಆಗಲಿ ಎಂಬ ದುರಾಸೆ.

ಇನ್ನೂ ಒಂದು ವಿಚಿತ್ರವಿದೆ. ಟೂರ್ನಿಗೆ ಮೊದಲು ಆಫೀಸು, ಮನೆ, ಕಾಲೇಜುಗಳಲ್ಲಿ ಎಲ್ಲರೂ ಬ್ರಾಕೆಟ್ ತುಂಬುತ್ತಾರೆ. ಅಂದರೆ ಯಾವ ಪಂದ್ಯದಲ್ಲಿ ಯಾರು ಗೆಲ್ಲುತ್ತಾರೆ ಎಂದು ಕೊನೆಯವರೆಗೂ ಮೊದಲೇ ಬರೆದಿಡುತ್ತಾರೆ, ಅದರ ಮೇಲೆ ಚಿಕ್ಕಪುಟ್ಟ ಪಂಥವೂ ನಡೆಯುತ್ತದೆ. ಆ ವರ್ಷ ವರ್ಜೀನಿಯಾವೇ ಚಾಂಪಿಯನ್ ಎಂದು ಬರೆದವರು ಲೆಕ್ಕವಿಲ್ಲದಷ್ಟು ಜನ, ನಮ್ಮ ಸಾಲಿನಲ್ಲೂ ಇದ್ದರು. ಆಗ ಲೈಲ್ಸ್ ಮತ್ತೊಂದು ತ್ರೀ ಪಾಯಿಂಟರ್ ಹಾಕಿದರೆ ಆ ಜನ ತಮ್ಮ ಬ್ರಾಕೆಟ್ ಹರಿದುಹೋಗುತ್ತಿದೆ ಎಂದು ಫೋನ್ ತೋರಿಸಿ ಗೋಳಾಡುತ್ತಲೇ ಎದ್ದು ಕುಣಿಯುತ್ತಿದ್ದರು. ತಮ್ಮ ದುಡ್ಡಿಗೆ ತಾವೇ ಬೆಂಕಿ ಹಚ್ಚಿ ಚಪ್ಪಾಳೆ ತಟ್ಟುವ ಪ್ರೇಕ್ಷಕರನ್ನು ನಾನು ಬೇರೆ ಯಾವ ಆಟದಲ್ಲೂ ಕಂಡಿಲ್ಲ.

ಮುಂದಿನದು ಅಂಕಿಗಳಲ್ಲೇ ಇದೆ. ಇಡೀ ಪಂದ್ಯಕ್ಕೆ 53-54 ಅಂಕ ಕೊಡುವ ತಂಡದ ಮೇಲೆ ಯುಎಂಬಿಸಿ ಎರಡನೇ ಅವಧಿಯೊಂದರಲ್ಲೇ 53 ಅಂಕ ಗಳಿಸಿತು. ದೂರದ ಎಸೆತಗಳಲ್ಲಿ ಅವರದು 24ಕ್ಕೆ 12 ಒಳಗೆ ಬಿದ್ದರೆ ವರ್ಜೀನಿಯಾದ್ದು 22ಕ್ಕೆ ನಾಲ್ಕು. ಲೈಲ್ಸ್‌ರ 28 ಅಂಕಗಳಲ್ಲಿ 23 ಬಂದದ್ದು ಆ ಇಪ್ಪತ್ತು ನಿಮಿಷಗಳಲ್ಲಿ. ನಿಧಾನವಾಗಿ ಆಡುವ ತಂಡ ಹಿಂದೆ ಬಿದ್ದಾಗ ಎದುರಿಸುವ ಕಷ್ಟವನ್ನು ಕಣ್ಣಾರೆ ಕಾಣಬಹುದಿತ್ತು: ಅಂತರ ತುಂಬಲು ಅವಸರಪಟ್ಟರು, ಅವಸರದ ಆಟ ಅವರಿಗೆ ರೂಢಿಯಿರಲಿಲ್ಲ. ಅಂಕಿಗಳಲ್ಲಿ ಇಲ್ಲದ್ದೊಂದು, ಯುಎಂಬಿಸಿಯ ಐದಡಿ ಎಂಟು ಅಂಗುಲದ ಕೆ.ಜೆ. ಮೌರಾ. ತನಗಿಂತ ಗೇಣುಗಟ್ಟಲೆ ಎತ್ತರದವರು ಇಬ್ಬಿಬ್ಬರು ಸುತ್ತುವರಿದಾಗಲೂ ಚೆಂಡನ್ನು ಮೊಣಕಾಲಿನ ಮಟ್ಟದಲ್ಲೇ ತಟ್ಟಿಕೊಂಡು ಅವರ ನಡುವಿನಿಂದ ನುಸುಳಿ ಹೋಗುತ್ತಿದ್ದ ಆ ಹುಡುಗ ಚೆಂಡು ಮುಟ್ಟಿದರೆ ಸಾಕು, ಹೆಸರು ಗೊತ್ತಿಲ್ಲದ ಜನರೂ ಎದ್ದು ನಿಲ್ಲುತ್ತಿದ್ದರು. ಟಿ.ವಿ.ಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುವುದರಿಂದ ಅವನು ಯಾವ ಸಂದಿಯನ್ನು ಮೊದಲೇ ಕಂಡು ಅತ್ತ ತಿರುಗಿದ ಎಂಬುದು ಗೊತ್ತಾಗುವುದಿಲ್ಲ. ಮೇಲಿನ ಸಾಲಿನಿಂದ ಇಡೀ ಅಂಕಣ ಒಂದೇ ನೋಟಕ್ಕೆ ಸಿಗುತ್ತದೆ. ದಾವಣಗೆರೆಯ ನನ್ನ ಸ್ನೇಹಿತರು ಕೊನೆಯ ಐದು ನಿಮಿಷ ಏನನ್ನೂ ಮಾತಾಡಲಿಲ್ಲ, ಜಾಕೆಟ್ಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆಯುತ್ತ ನಿಂತಿದ್ದರು. ಗಡಿಯಾರ ಸೊನ್ನೆಗೆ ಬಂದಾಗ ಹಿಂದಿನ ಸಾಲಿನ ನೇರಳೆ ಅಂಗಿಯ ಹಿರಿಯರೇ ಅವರ ಬೆನ್ನು ತಟ್ಟಿ, ಭಾನುವಾರ ನಿಮಗೆ ಇಷ್ಟು ಸುಲಭವಿಲ್ಲ ಎಂದು ನಕ್ಕರು.

ಹಾಗೇ ಆಯಿತು. ಭಾನುವಾರದ ಪಂದ್ಯಕ್ಕೂ ನಾವು ಹೋದೆವು, ಮರುಮಾರಾಟದಲ್ಲಿ ಟಿಕೆಟ್ ಕೊಂಡು. ಕ್ಯಾನ್ಸಸ್ ಸ್ಟೇಟ್ 50-43ರಿಂದ ಗೆದ್ದಿತು. ನಿಜ ಹೇಳಬೇಕೆಂದರೆ ಅದು ನೋಡಲು ಚೆಂದದ ಆಟವಾಗಿರಲಿಲ್ಲ. ಎರಡೂ ಕಡೆಯವರು ಎಸೆದದ್ದು ಹೊರಗೇ ಬೀಳುತ್ತಿತ್ತು. ಅಷ್ಟಾದರೂ ಯುಎಂಬಿಸಿ ಕೊನೆಯವರೆಗೆ ಹತ್ತಿರದಲ್ಲೇ ಇತ್ತು, ತಟಸ್ಥರು ಅಂದು ಲೆಕ್ಕಾಚಾರವಿಲ್ಲದೆ ಅವರ ಜೊತೆಗಿದ್ದರು. ಅಂದೇ ಟೆಕ್ಸಾಸ್ ಎ ಆಂಡ್ ಎಂ ಎದುರು ನಾರ್ತ್ ಕ್ಯಾರೊಲಿನಾ 86-65ರಿಂದ ಸೋತದ್ದರಿಂದ, ಶುಕ್ರವಾರ ವರ್ಜೀನಿಯಾವನ್ನು ಅಣಕಿಸಿದ್ದ ತಿಳಿನೀಲಿ ಅಂಗಿಯವರೂ ಮುಖ ಸಣ್ಣದು ಮಾಡಿಕೊಂಡು ಹೊರನಡೆದರು.

ವರ್ಜೀನಿಯಾದವರ ಬಗ್ಗೆ ಒಂದು ಮಾತು ಹೇಳಬೇಕು. ಶುಕ್ರವಾರ ರಾತ್ರಿ ಕಿತ್ತಳೆ ಅಂಗಿಯವರಲ್ಲಿ ಬಹುಪಾಲು ಜನ ಆಟ ಮುಗಿಯುವವರೆಗೂ ಕುಳಿತಿದ್ದರು. ಸುತ್ತಲಿನ ಅಷ್ಟೊಂದು ಅಪರಿಚಿತರು ತಮ್ಮ ಸೋಲಿಗೆ ಕುಣಿಯುವುದನ್ನು ಸಹಿಸುವುದು ಸುಲಭವಲ್ಲ. ಮರುವರ್ಷ, 2019ರಲ್ಲಿ, ಅದೇ ಬೆನೆಟ್, ಚೇತರಿಸಿಕೊಂಡ ಹಂಟರ್ ಮತ್ತು ಆ ರಾತ್ರಿ ಆಡಿದ ಹಲವರು ಸೇರಿ ಮಿನಿಯಾಪೊಲಿಸ್‌ನಲ್ಲಿ ಟೆಕ್ಸಾಸ್ ಟೆಕ್ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 85-77ರಿಂದ ಸೋಲಿಸಿ ಪ್ರಶಸ್ತಿ ಗೆದ್ದರು. ಅದನ್ನು ನಾನು ಮನೆಯ ಸೋಫಾದಲ್ಲಿ ಕುಳಿತು ನೋಡಿದೆ, ಅವರ ಪರವಾಗಿಯೇ. ಉತ್ತಮ ಪಂದ್ಯ. ಆದರೆ ಗ್ಯಾಲರಿಯಲ್ಲಿ ಯಾರು ಯಾಕೆ ಕೂಗುತ್ತಿದ್ದಾರೆ ಎಂಬುದು ತಿಳಿಯದೆ ಏನೋ ಕಡಿಮೆಯಾದಂತಿತ್ತು.

ಹೋಗುವುದಾದರೆ ಎಲ್ಲಿಗೆ ಎಂಬುದಕ್ಕೂ ಉತ್ತರಿಸಿಬಿಡುತ್ತೇನೆ. ಫೈನಲ್ ಫೋರ್, ಅಂದರೆ ಸೆಮಿಫೈನಲ್ ಮತ್ತು ಫೈನಲ್, ಎಂಬ ಹೆಸರಿಗೆ ಮರುಳಾಗಬೇಡಿ. ಅದನ್ನು ಅಮೆರಿಕನ್ ಫುಟ್‌ಬಾಲ್‌ಗಾಗಿ ಕಟ್ಟಿದ ಬೃಹತ್ ಕ್ರೀಡಾಂಗಣಗಳಲ್ಲಿ ನಡೆಸುತ್ತಾರೆ. ದೂರದ ಸೀಟಿನಿಂದ ಆಟಗಾರರು ಕಾಣುವುದಕ್ಕಿಂತ ತೂಗುಹಾಕಿದ ಪರದೆಯೇ ಹೆಚ್ಚು ಕಾಣುತ್ತದೆ. ಮೊದಲ ಸುತ್ತಿನ ಗುರುವಾರ ಅಥವಾ ಶುಕ್ರವಾರದ ಸಂಜೆಯ ಸೆಷನ್ ನನ್ನ ಆಯ್ಕೆ. ಅದಕ್ಕೂ ಮೊದಲು, ಮಂಗಳವಾರ ಮತ್ತು ಬುಧವಾರ, ಓಹಾಯೊದ ಡೇಟನ್‌ನಲ್ಲಿ ಫಸ್ಟ್ ಫೋರ್ ಎಂಬ ಆ ಆರಂಭಿಕ ಪಂದ್ಯಗಳು ನಡೆಯುತ್ತವೆ; ಅಲ್ಲಿಯ ಊರಿನವರು ತಮಗೆ ಸಂಬಂಧವೇ ಇಲ್ಲದ ತಂಡಗಳನ್ನು ನೋಡಲು ಬಂದು ಸೇರುತ್ತಾರೆ, ತಟಸ್ಥರ ಗ್ಯಾಲರಿಯ ರುಚಿ ನೋಡಲು ಅದೂ ಒಳ್ಳೆಯದೇ. ಮಹಿಳೆಯರ ಟೂರ್ನಿಯಲ್ಲಿ ಮೊದಲೆರಡು ಸುತ್ತುಗಳು ಮೇಲಿನ ಶ್ರೇಯಾಂಕದವರ ತವರಿನಲ್ಲೇ ನಡೆಯುವುದರಿಂದ ಈ ಬಗೆಯ ಗ್ಯಾಲರಿ ಸಿಗುವುದಿಲ್ಲ; 1998ರಲ್ಲಿ 16ನೇ ಶ್ರೇಯಾಂಕದ ಹಾರ್ವರ್ಡ್ ಹುಡುಗಿಯರು ಸ್ಟ್ಯಾನ್‌ಫರ್ಡ್‌ನ ಸ್ವಂತ ಅಂಕಣದಲ್ಲೇ 71-67ರಿಂದ ಗೆದ್ದದ್ದು, ಆ ಲೆಕ್ಕದಲ್ಲಿ, ನಾನು ಕಂಡದ್ದಕ್ಕಿಂತ ದೊಡ್ಡ ಸಾಹಸ.

ಟಿಕೆಟ್ ಕೊಳ್ಳುವಾಗ ಕೆಳಗಿನ ಸಾಲುಗಳಿಗೆ ದುಡ್ಡು ಸುರಿಯಬೇಡಿ. ಮೇಲಿನ ಹಂತದಲ್ಲಿ, ಅಂಕಣದ ಮಧ್ಯಗೆರೆಗೆ ನೇರವಾಗಿ, ಎರಡು ಬ್ಯಾಂಡುಗಳೂ ಕಾಣುವಂತೆ ಕುಳಿತುಕೊಳ್ಳಿ. ಯಾವ ಕಾಲೇಜಿನ ಅಂಗಿಯನ್ನೂ ತೊಡದೆ ಹೋದರೆ ಅಕ್ಕಪಕ್ಕದವರು ತಾವಾಗಿಯೇ ಮಾತಿಗೆ ಬರುತ್ತಾರೆ, ಮೊದಲ ಪಂದ್ಯ ಮುಗಿಯುವಷ್ಟರಲ್ಲಿ ನಿಮ್ಮನ್ನು ತಮ್ಮ ಕಡೆಗೆ ಎಳೆದುಕೊಳ್ಳಲು ನೋಡುತ್ತಾರೆ.