ನರ್ಸ್‌ಗಳ ಕೊರತೆ ಇರುವ ಆಸ್ಪತ್ರೆಗೆ ಡ್ಯೂಟಿ ಹಾಕುವ ಸಾಫ್ಟ್‌ವೇರ್‌ನಿಂದ ನಿಜವಾಗಿ ಉಪಯೋಗ ಇದೆಯೇ?

ಇದೆ, ಆದರೆ ಅದು ಹೊಸ ನರ್ಸ್‌ಗಳನ್ನು ಹುಟ್ಟಿಸುವುದಿಲ್ಲ. ಪುಣೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್ ಆಗಿರುವುದರಿಂದ ಹೇಳುತ್ತಿದ್ದೇನೆ.

ಮೊದಲು ನಮ್ಮದು ರೂಲು ಹೊಡೆದ ರಿಜಿಸ್ಟರ್. ಪೆನ್ಸಿಲ್‌ನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಹಾಳೆಯೇ ತೂತು. ಗಣಪತಿಗೆ ಮರಾಠಿ ಹುಡುಗಿಯರೆಲ್ಲ ಊರಿಗೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ ಅಂತ ನಮ್ಮವರು ಹೊರಡೋರು. ಯಾರಿಗೆ ರಜೆ ಕೊಟ್ಟಿದ್ದೆ ಅನ್ನೋದು ಗೊತ್ತಾಗುತ್ತಿದ್ದುದು ಬೆಳಿಗ್ಗೆ ಏಳಕ್ಕೆ, ಯಾರೂ ಬಾರದಿದ್ದಾಗ!

ಈಗ ರಜೆ ಕೇಳಿದ ಕೂಡಲೇ ಆ ಪಾಳಿಯಲ್ಲಿ ಎಷ್ಟು ಜನ ಉಳಿಯುತ್ತಾರೆ ಅಂತ ಪರದೆ ಮೇಲೆ ಕಾಣುತ್ತದೆ. ನೈಟ್ ಮುಗಿಸಿದವಳಿಗೆ ಮಾರನೇ ಬೆಳಿಗ್ಗೆ ಡ್ಯೂಟಿ ಹಾಕಲು ಹೋದರೆ ಕೆಂಪು ಬಣ್ಣ. ಯಾರಾದರೂ ಬಾರದಿದ್ದರೆ ಬಿಡುವಿರುವ, ಐಸಿಯು ತರಬೇತಿಯಾದವರಿಗಷ್ಟೇ ಮೆಸೇಜು ಹೋಗುತ್ತದೆ. ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್ ನೋಂದಣಿಯ ಅವಧಿ ಮುಗಿಯುವುದನ್ನೂ ಮೊದಲೇ ಹೇಳುತ್ತದೆ. ಕರ್ನಾಟಕದಲ್ಲಿ ಓದಿ ಬಂದವರಿಗೆ ಈ ನೋಂದಣಿ ದೊಡ್ಡ ತಲೆನೋವು.

ಖರೀದಿಸುವ ಮುನ್ನ ಲೆಕ್ಕ ಮಾಡಿ. ವೆಂಟಿಲೇಟರ್ ಮೇಲಿರುವ ರೋಗಿಗೆ ಪ್ರತಿ ಪಾಳಿಗೂ ಒಬ್ಬ ನರ್ಸ್ ಬೇಕು. ಅಂಥ ಹಾಸಿಗೆ 10 ಇದ್ದರೆ ಮೂರು ಪಾಳಿಗೆ 30 ಜನ. ವಾರದ ರಜೆ, ಕಾಯಿಲೆ, ಹೆರಿಗೆ ರಜೆಗೆ ಅಂತ ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳುವ 30% ಹೆಚ್ಚುವರಿ ಸೇರಿಸಿದರೆ 39. ನಿಮ್ಮಲ್ಲಿರೋದು 22 ಆದರೆ ಯಾವ ಆ್ಯಪ್ ಏನು ಮಾಡೀತು? ಮೊದಲು ಸಂಬಳ, ಹಾಸ್ಟೆಲ್ ಸರಿಮಾಡಿ. ಇರೋದು 35 ಆದರೆ ಮಾತ್ರ ಡೆಮೋ ಕೇಳಿ, ಅದೂ ಮ್ಯಾನೇಜರ್ ಕೈಗಲ್ಲ, ಡ್ಯೂಟಿ ಹಾಕುವ ಸಿಸ್ಟರ್ ಕೈಗೆ ಕೊಡಿಸಿ.