ಸೈಕಲ್ ಸವಾರಿ: ಇಂಗ್ಲೆಂಡಿನ ಹಳ್ಳಿದಾರಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಬೇಸಿಗೆಯಲ್ಲಿ ಮೂರು ತಿಂಗಳು ಬ್ರಿಸ್ಟಲ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇನೆ. ನನಗೆ ಅರವತ್ತೆರಡು ವರ್ಷ, ಕಾಲೇಜು ಬಿಟ್ಟ ಮೇಲೆ ಸೈಕಲ್ ಮುಟ್ಟಿಲ್ಲ. ಎಂಟು ವರ್ಷದ ಮೊಮ್ಮಗನೊಡನೆ ಭಯವಿಲ್ಲದೆ ಹೋಗಿಬರಬಹುದಾದ ದಾರಿ ಇದೆಯೇ?
– ಓದುಗರು, ಧಾರವಾಡ

ಉತ್ತರ: ನಿಮಗೆ ಬೇಕಾದ ದಾರಿ ನಿಮ್ಮ ಮಗಳ ಊರಿನೊಳಗಿನಿಂದಲೇ ಹೊರಡುತ್ತದೆ. ಬ್ರಿಸ್ಟಲ್‌ನಿಂದ ಬಾತ್ ನಗರಕ್ಕೆ ಹೋಗುತ್ತಿದ್ದ ಹಳೆಯ ರೈಲುಹಳಿಯ ಜಾಗದಲ್ಲಿ 1979ರಿಂದ 1986ರ ನಡುವೆ ಹಂತಹಂತವಾಗಿ ಹಾಕಿದ ಈ ಡಾಂಬರು ಹಾದಿಯ ಉದ್ದ 13 ಮೈಲಿ, ಅಂದರೆ ಸುಮಾರು 21 ಕಿಲೋಮೀಟರ್. ಕಾರುಗಳಿಗೆ ಪ್ರವೇಶವಿಲ್ಲ. ಉಗಿಬಂಡಿಗೆ ಕಡಿದಾದ ಏರು ಆಗದು ಎಂಬ ಕಾರಣಕ್ಕೆ ಅಂದಿನ ಎಂಜಿನಿಯರುಗಳು ಗುಡ್ಡ ಕೊರೆದು, ತಗ್ಗು ತುಂಬಿ ಹಳಿ ಹಾಕಿದ್ದರು. ಆ ಶ್ರಮದ ಫಲ ಈಗ ನಿಮ್ಮ ಮೊಣಕಾಲುಗಳಿಗೆ ಸಿಗುತ್ತದೆ. ಸ್ಟೇಪಲ್ ಹಿಲ್ ಎಂಬಲ್ಲಿ ಅರ್ಧ ಕಿಲೋಮೀಟರಿನಷ್ಟು ಉದ್ದದ ಸುರಂಗವಿದೆ. ಒಳಗೆ ದೀಪಗಳಿದ್ದರೂ ಬಿಸಿಲಿನಿಂದ ಒಳಹೊಕ್ಕ ಕಣ್ಣು ಹೊಂದಿಕೊಳ್ಳಲು ಒಂದೆರಡು ಕ್ಷಣ ಬೇಕು. ಮೊಮ್ಮಗನಿಗೆ ಮುಂದೆ ಓಡದಂತೆ ಮೊದಲೇ ಹೇಳಿಡಿ. ಮುಂದೆ, ಹಳೆಯ ಉಗಿಬಂಡಿಗಳನ್ನು ಉಳಿಸಿಕೊಂಡಿರುವ ಬಿಟನ್ ನಿಲ್ದಾಣದಲ್ಲಿ ಎಂಜಿನ್ ಓಡುವ ದಿನವಾದರೆ ಹಾದಿಯ ಪಕ್ಕದಲ್ಲೇ ಕಲ್ಲಿದ್ದಲ ಹೊಗೆ ಮೂಗಿಗೆ ಬಡಿಯುತ್ತದೆ. ಅಲ್ಲಿಂದಾಚೆ ಹುಡುಗನನ್ನು ಹೊರಡಿಸುವುದು ನಿಮ್ಮ ಜವಾಬ್ದಾರಿ.

ಮೊದಲ ದಿನವೇ ಬಾತ್ ಮುಟ್ಟಬೇಕೆಂದು ಹಟ ಹಿಡಿಯಬೇಡಿ. ಎರಡನೆಯ ಅಥವಾ ಮೂರನೆಯ ಸಲ ಪೂರ್ತಿ ಹೋಗಿ, ಸೈಕಲ್ ಸಮೇತ ರೈಲಿನಲ್ಲಿ ಮರಳಬಹುದು. ಕಾಲು ಗಂಟೆಯ ಪ್ರಯಾಣವಷ್ಟೆ. ಸೈಕಲ್ಲಿನಲ್ಲಿ ಕುಳಿತಾಗ ಎರಡೂ ಪಾದಗಳು ನೆಲಕ್ಕೆ ತಾಗುವಂತೆ ಸೀಟು ಇಳಿಸಿಕೊಳ್ಳಿ. ಇದರಿಂದ ತುಳಿಯುವುದು ಸ್ವಲ್ಪ ಭಾರವೆನಿಸಿದರೂ, ಮರೆತ ಸಮತೋಲನ ಮರಳುವವರೆಗೆ ಧೈರ್ಯವಾಗಿರುತ್ತದೆ. ಬಾಡಿಗೆಗೆ ವಿದ್ಯುತ್ ಸೈಕಲ್ ದೊರೆತರೆ ಸಂಕೋಚಪಡದೆ ತೆಗೆದುಕೊಳ್ಳಿ. ಮೊಮ್ಮಗನಿಗೆ ಮಾತ್ರ ಅದು ಸಿಗದು, ಏಕೆಂದರೆ ಅಲ್ಲಿನ ಕಾನೂನಿನಂತೆ ಅದನ್ನು ಓಡಿಸಲು ಹದಿನಾಲ್ಕು ವರ್ಷ ತುಂಬಿರಬೇಕು.

ಪ್ರಶ್ನೆ: ಪ್ರತಿ ಭಾನುವಾರ ನಂದಿಬೆಟ್ಟ ಹತ್ತುತ್ತೇನೆ. ಕಚೇರಿ ಕೆಲಸದ ಮೇಲೆ ಲಂಡನ್‌ಗೆ ಹೋಗುತ್ತಿದ್ದು, ಒಂದು ಭಾನುವಾರ ಬಿಡುವಿದೆ. ಅಲ್ಲಿನ ಗುಡ್ಡಗಳು ನಮಗೆ ತೀರಾ ಸುಲಭವಾಗುವುದಿಲ್ಲವೇ?
– ಓದುಗರು, ಯಲಹಂಕ

ಉತ್ತರ: ಎತ್ತರವನ್ನಷ್ಟೇ ನೋಡಿದರೆ ಹಾಗೆನಿಸುವುದು ಸಹಜ. ವಾಟರ್‌ಲೂ ನಿಲ್ದಾಣದಿಂದ ರೈಲು ಹಿಡಿದು ಸರ್ರಿ ಜಿಲ್ಲೆಯ ಬಾಕ್ಸ್ ಹಿಲ್ ತಲುಪಿ. 2012ರ ಒಲಿಂಪಿಕ್ ರಸ್ತೆ ಸ್ಪರ್ಧೆಯಲ್ಲಿ ಪುರುಷರು ಒಂಬತ್ತು ಸಲ, ಮಹಿಳೆಯರು ಎರಡು ಸಲ ಸುತ್ತಿದ ಗುಡ್ಡವಿದು. ಅದರ ಅಂಕುಡೊಂಕಾದ ಏರು ಸುಮಾರು ಎರಡೂವರೆ ಕಿಲೋಮೀಟರ್, ಸರಾಸರಿ ಶೇಕಡಾ 5ರಷ್ಟು, ಅಂದರೆ ನೂರು ಮೀಟರ್ ಹೋದರೆ ಐದು ಮೀಟರ್ ಮೇಲೇರುತ್ತದೆ. ನಂದಿಯ ಏರು ಇದರ ಮೂರು ಪಟ್ಟು ಉದ್ದವಿರುವುದರಿಂದ ನಿಮಗೆ ಇದು ಮೈ ಬೆಚ್ಚಗಾಗುವಷ್ಟರಲ್ಲಿ ಮುಗಿಯುತ್ತದೆ, ಒಪ್ಪಿದೆ. ಆದರೆ ನಂದಿ ಒಂದೇ ಬೆಟ್ಟ. ಹತ್ತಿ ಇಳಿದರೆ ಆ ದಿನದ ಲೆಕ್ಕ ಮುಗಿಯಿತು. ಇಂಗ್ಲೆಂಡಿನಲ್ಲಿ ಗುಡ್ಡಗಳು ಗಿಡ್ಡ, ಆದರೆ ಮುಗಿಯುವುದೇ ಇಲ್ಲ. ಮಾರ್ಗವು ಕಣಿವೆಗಿಳಿದು, ಹಳ್ಳ ದಾಟಿ, ಬೇಲಿಗಳ ನಡುವಿನ ಕಿರಿದಾದ ಓಣಿಯಲ್ಲಿ ನೆಟ್ಟಗೆ ಮೇಲೇರಿ, ಉಸಿರು ತಿರುಗುವ ಮೊದಲೇ ಮತ್ತೆ ಇಳಿಯುತ್ತದೆ. ಎತ್ತಿನಗಾಡಿಗೆ ಮಾಡಿದಂತೆ ಬಳಸಿ ಬಳಸಿ ಏರಿಸುವ ತಾಳ್ಮೆ ಆ ರಸ್ತೆಗಳಿಗಿಲ್ಲ.

ನನಗೂ ಇದು ತಿಳಿದದ್ದು ಪೆಟ್ಟು ತಿಂದ ಮೇಲೆಯೇ. ಮೊದಲ ವರ್ಷ ಕಾಟ್ಸ್‌ವೋಲ್ಡ್ಸ್ ಗುಡ್ಡಸಾಲಿನಲ್ಲಿ ಮೂವತ್ತು ಮೈಲಿ ಸುತ್ತಿ ಮಧ್ಯಾಹ್ನದ ಊಟಕ್ಕೆ ಬರುತ್ತೇನೆಂದು ಮನೆಯಲ್ಲಿ ಹೇಳಿ ಹೊರಟವನು, ಜೇನುಬಣ್ಣದ ಕಲ್ಲಿನ ಮನೆಗಳನ್ನು ನೋಡುವ ಚೈತನ್ಯವೂ ಉಳಿಯದೆ, ಎರಡು ಕಡೆ ಸೈಕಲ್ ತಳ್ಳಿ, ದೀಪ ಹಚ್ಚುವ ಹೊತ್ತಿಗೆ ಹಿಂದಿರುಗಿದ್ದೆ. ಅಂದಿನಿಂದ ದೂರಕ್ಕಿಂತ ಮೊದಲು ಏರನ್ನು ಅಳೆಯುತ್ತೇನೆ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ನಕ್ಷೆಗಳಲ್ಲಿ ರಸ್ತೆಯ ಮೇಲೆ ಒಂದು ಬಾಣದ ಗುರುತಿದ್ದರೆ ಅಲ್ಲಿ ಏರು ಶೇಕಡಾ 14ರಿಂದ 20. ಜೋಡಿ ಬಾಣವಿದ್ದರೆ ಅದಕ್ಕೂ ಹೆಚ್ಚು. ಬಾಣದ ಮೊನೆ ಇಳಿಜಾರಿನ ಕಡೆಗಿರುತ್ತದೆ, ಹಾಗಾಗಿ ಮೊನೆ ನಿಮ್ಮತ್ತ ತಿರುಗಿದ್ದರೆ ಹತ್ತಬೇಕಾದವರು ನೀವೇ. ಬಾಕ್ಸ್ ಹಿಲ್ ಆದ ಮೇಲೆ ಡಾರ್ಕಿಂಗ್ ಪಟ್ಟಣ ಹಾದು, ಕೋಲ್ಡ್‌ಹಾರ್ಬರ್ ಹಳ್ಳಿಯ ಮಾರ್ಗವಾಗಿ 294 ಮೀಟರ್ ಎತ್ತರದ ಲೀತ್ ಹಿಲ್ ಕಡೆಗೆ ಹೊರಡಿ. ಸಂಜೆ ನಿಮ್ಮ ಪ್ರಶ್ನೆಯನ್ನು ಇನ್ನೊಮ್ಮೆ ಓದಿಕೊಳ್ಳಿ.

ಪ್ರಶ್ನೆ: ನಾವು ಲೀಡ್ಸ್‌ನಲ್ಲಿ ಕೆಲಸ ಮಾಡುವ ನಾಲ್ವರು ಕನ್ನಡಿಗ ಗೆಳೆಯರು. ವಾರಾಂತ್ಯದಲ್ಲಿ ಅರವತ್ತು ಕಿಲೋಮೀಟರ್ ತುಳಿದು ಅಭ್ಯಾಸವಿದೆ. ನಾಲ್ಕು ದಿನದ ರಜೆಗೆ ತಕ್ಕ ಮಾರ್ಗ ಯಾವುದು?
– ಓದುಗರು, ಲೀಡ್ಸ್

ಉತ್ತರ: ಪಶ್ಚಿಮ ಕಡಲಿನಿಂದ ಪೂರ್ವ ಕಡಲಿಗೆ ಹೋಗುವ ಸಿ-ಟು-ಸಿ ಮಾರ್ಗ ನಿಮಗಾಗಿಯೇ ಇದ್ದಂತಿದೆ. 1994ರಲ್ಲಿ ಆರಂಭವಾದ ಈ ಮಾರ್ಗ ವೈಟ್‌ಹೇವನ್‌ನಿಂದ ಹೊರಟು ಸಂಡರ್‌ಲ್ಯಾಂಡ್ ಅಥವಾ ಟೈನ್‌ಮತ್ ಸೇರುವಷ್ಟರಲ್ಲಿ ಸುಮಾರು 140 ಮೈಲಿ, ಅಂದರೆ 225 ಕಿಲೋಮೀಟರ್ ಆಗುತ್ತದೆ. ಆ ದೇಶದಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ಬಹುತೇಕ ಎಲ್ಲರೂ ಪಶ್ಚಿಮದಿಂದಲೇ ಹೊರಡುತ್ತಾರೆ. ಹೊರಡುವಾಗ ಹಿಂದಿನ ಚಕ್ರವನ್ನು ಐರಿಷ್ ಸಮುದ್ರದ ನೀರಿಗೂ, ಮುಗಿದಾಗ ಮುಂದಿನ ಚಕ್ರವನ್ನು ಉತ್ತರ ಸಮುದ್ರದ ನೀರಿಗೂ ತಾಗಿಸುವ ವಾಡಿಕೆಯಿದೆ. ತಾಗಿಸಿ, ಆದರೆ ಚೈನಿಗೆ ಉಪ್ಪುನೀರು ಸೋಕದಂತೆ ನೋಡಿಕೊಳ್ಳಿ.

ಮೊದಲ ರಾತ್ರಿ ಕೆಸಿಕ್, ಎರಡನೆಯ ರಾತ್ರಿ ಪೆನ್ರಿತ್ ಆಸುಪಾಸು, ಮೂರನೆಯ ರಾತ್ರಿ ಆಲನ್‌ಹೆಡ್ಸ್ ಎಂದು ಹಂಚಿಕೊಂಡರೆ ಅನುಕೂಲ. ಮೂರನೆಯ ದಿನವನ್ನು ಹಗುರವೆಂದುಕೊಳ್ಳಬೇಡಿ. 580 ಮೀಟರ್ ಎತ್ತರದ ಹಾರ್ಟ್‌ಸೈಡ್ ಕಣಿವೆದಾರಿ ಬರುವುದು ಅಂದೇ. ಏರು ಕ್ರೂರವಲ್ಲ, ಆದರೆ ದೀರ್ಘ. ಮರಗಳಿಲ್ಲದ ಬಯಲಾದ್ದರಿಂದ ತಿರುವಿಗೊಮ್ಮೆ ಗಾಳಿ ಬೆನ್ನಿಗೂ ಕೆನ್ನೆಗೂ ಸರದಿಯಂತೆ ಹೊಡೆಯುತ್ತದೆ. ಶಿಖರದಲ್ಲಿದ್ದ ಹೆಸರುವಾಸಿ ಚಹಾದಂಗಡಿ 2018ರಲ್ಲಿ ಬೆಂಕಿಗೆ ಆಹುತಿಯಾಯಿತು, ಆದ್ದರಿಂದ ಹಳೆಯ ಪ್ರವಾಸ ಪುಸ್ತಕವನ್ನು ನಂಬಿ ಬರಿಗೈಯಲ್ಲಿ ಹತ್ತಬೇಡಿ. ನೀರು, ತಿಂಡಿ, ಮಳೆಯಂಗಿ ಕೆಳಗಿನಿಂದಲೇ ಜೊತೆಗಿರಲಿ. ಕೊನೆಯ ದಿನ ಆರಂಭದ ಏರುಗಳನ್ನು ದಾಟಿದರೆ, ಹಳೆಯ ರೈಲುದಾರಿಯೊಂದು ಕಾನ್ಸೆಟ್ ಊರಿನತ್ತ ಮೈಲಿಗಟ್ಟಲೆ ಇಳಿಸಿಕೊಂಡು ಹೋಗುತ್ತದೆ. ವೈಟ್‌ಹೇವನ್ ಕಡೆಯ ಸಣ್ಣ ರೈಲುಗಳಲ್ಲಿ ಸೈಕಲ್ಲಿಗೆ ಜಾಗ ತೀರ ಕಡಿಮೆ. ನಾಲ್ಕು ಸೈಕಲ್ ಒಟ್ಟಿಗೆ ಹತ್ತಿಸುವ ಬದಲು ಇಬ್ಬಿಬ್ಬರಾಗಿ ಬೇರೆ ಬೇರೆ ರೈಲು ಹಿಡಿಯುವುದು ಜಾಣತನ.

ಪ್ರಶ್ನೆ: ಹೊಲಗಳ ನಡುವೆ ಫಲಕ ಹಾಕಿದ ಕಾಲುದಾರಿಗಳಲ್ಲಿ ಸೈಕಲ್ ಓಡಿಸಬಹುದೇ? ಹೆಲ್ಮೆಟ್ ಕಡ್ಡಾಯವೇ?
– ಓದುಗರು, ಕೇಂಬ್ರಿಡ್ಜ್

ಉತ್ತರ: ಹಳದಿ ಬಾಣದ ಕಾಲುದಾರಿ ನಡೆಯುವವರಿಗೆ ಮಾತ್ರ. ನೀಲಿ ಬಾಣದ ಕುದುರೆದಾರಿಗಳಲ್ಲಿ 1968ರ ಕಾಯ್ದೆಯಿಂದ ಸೈಕಲ್ಲಿಗೂ ಹಕ್ಕಿದೆ, ಆದರೆ ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕು. ಕುದುರೆಯ ಹಿಂದೆ ಸದ್ದಿಲ್ಲದೆ ಬರಬೇಡಿ. ದೂರದಿಂದಲೇ ಒಂದು ಮಾತಾಡಿ ಸುಳಿವು ಕೊಡಿ. ತೆಳು ಟೈರಿನ ಸೈಕಲ್ ಆದರೆ ಮಳೆ ಬಂದ ಮರುದಿನ ಅತ್ತ ಸುಳಿಯದಿರುವುದೇ ಲೇಸು. ಹೆಲ್ಮೆಟ್ ಕಾನೂನಿನಲ್ಲಿ ಕಡ್ಡಾಯವಲ್ಲ, ನಾನಂತೂ ಹಾಕದೆ ಹೊರಡುವುದಿಲ್ಲ. ಕತ್ತಲಾದ ಮೇಲೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಕಡ್ಡಾಯ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೇ ಸೂರ್ಯ ಮುಳುಗುತ್ತಾನೆಂಬುದು ನೆನಪಿರಲಿ.

ಪ್ರಶ್ನೆ: ನಾನು ಲ್ಯಾಂಕಾಸ್ಟರ್‌ನಲ್ಲಿ ಓದುತ್ತಿರುವ ವಿದ್ಯಾರ್ಥಿ. ಸೈಕಲ್ ಕೊಂಡು ಎರಡು ತಿಂಗಳಾಯಿತು. ಹಾರ್ಡ್‌ನಾಟ್ ಘಾಟಿ ಹತ್ತಬೇಕೆಂಬ ಆಸೆಯಿದೆ. ಹೋಗಲೇ?
– ಓದುಗರು, ಲ್ಯಾಂಕಾಸ್ಟರ್

ಉತ್ತರ: ಈ ವರ್ಷ ಬೇಡ. ಲೇಕ್ ಡಿಸ್ಟ್ರಿಕ್ಟ್‌ನ ಹಾರ್ಡ್‌ನಾಟ್ ರಸ್ತೆ ಕೆಲವೆಡೆ ಮೂರು ಮೀಟರ್ ಮುಂದಕ್ಕೆ ಹೋದರೆ ಒಂದು ಮೀಟರ್ ಮೇಲೇರುತ್ತದೆ. ಅಲ್ಲಿ ಸೀಟಿನ ಮೇಲೆ ಕುಳಿತರೆ ಮುಂದಿನ ಚಕ್ರ ನೆಲ ಬಿಡುತ್ತದೆ, ಎದ್ದು ನಿಂತರೆ ಒದ್ದೆ ಡಾಂಬರಿನ ಮೇಲೆ ಹಿಂದಿನ ಚಕ್ರ ಜಾರುತ್ತದೆ. ಹತ್ತುವುದು ಸೋತರೆ ಇಳಿದು ತಳ್ಳಬಹುದು, ನಾಚಿಕೆಯೇನಿಲ್ಲ. ನನಗೆ ಅಂಜಿಕೆ ಇಳಿಜಾರಿನದು. ಹೊಸಬರು ಬ್ರೇಕನ್ನು ಬಿಡದೆ ಹಿಡಿದು ಕೈಸೋತು ತಿರುವಿನಲ್ಲಿ ಹಿಡಿತ ಕಳೆದುಕೊಳ್ಳುತ್ತಾರೆ.

ಮೊದಲು ನಿಮ್ಮೂರಿನಿಂದಲೇ ಲೂನ್ ನದಿಯ ಪಕ್ಕ ಕೇಟನ್‌ವರೆಗೆ ಹೋಗುವ ಸಮತಟ್ಟಾದ ಹಳೆಯ ರೈಲುದಾರಿಯಲ್ಲಿ ಗೇರ್ ಬದಲಿಸುವುದನ್ನು ಕೈಗೆ ರೂಢಿಸಿ. ಅದಾದ ಮೇಲೆ 295 ಮೀಟರ್ ಎತ್ತರದ ಟ್ರಫ್ ಆಫ್ ಬೋಲಂಡ್ ಘಾಟಿ. ಮುಂದಿನ ಬೇಸಿಗೆಗೆ 454 ಮೀಟರಿನ ಕರ್ಕ್‌ಸ್ಟನ್ ಘಾಟಿ. ಅದನ್ನು ನಿಲ್ಲದೆ ಹತ್ತಿ, ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತ ನೆಮ್ಮದಿಯಿಂದ ಇಳಿದ ದಿನ ನನಗೆ ಮತ್ತೆ ಬರೆಯಿರಿ. ಹಾರ್ಡ್‌ನಾಟ್ ಎಲ್ಲಿಗೂ ಹೋಗುವುದಿಲ್ಲ. ಅದರ ಪಶ್ಚಿಮ ಇಳಿಜಾರಿನಲ್ಲಿ ರೋಮನ್ ಸೈನಿಕರು ಕಟ್ಟಿದ ಕೋಟೆಯ ಗೋಡೆಗಳು ಇನ್ನೂ ನಿಂತಿವೆ.